ಮಗುವಿನ ಮುಖಕ್ಕೆ ವಾರಸುದಾರರು ಯಾರು?

1890ರಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಂಗತಿಗಳು ನಡೆದವು. ಆ ವರ್ಷದ ಮಾರ್ಚ್‌ನಲ್ಲಿ ಬ್ರಿಟಿಷ್ ಇಂಡಿಯಾ ಸರಕಾರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯನ್ನು ತಂದಿತು. ಅಪ್ರಾಪ್ತ ವಯಸ್ಸಿನ ಮಗುವಿಗೆ ನ್ಯಾಯಾಲಯ ನೇಮಿಸಿದ ಪಾಲಕ ಆ ಮಗುವಿನ ಜಮೀನನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ, ಅಡವಿಡುವಂತಿಲ್ಲ, ಐದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಗೇಣಿಗೂ ಕೊಡುವಂತಿಲ್ಲ ಎಂದು ಅದು ವಿಧಿಸಿತು. ಆ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ತಂದೆ ತೀರಿಕೊಂಡ ಮನೆಯಲ್ಲಿ ಮಕ್ಕಳ ಪಾಲಿನ ಐದು ಸೆಂಟ್ಸ್ ಜಾಗ ಮಾರಲು ಹೊರಟವರು ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿ ಬರುವುದನ್ನು ನಾವೆಲ್ಲ ಕಂಡಿದ್ದೇವೆ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ಹಾರ್ವರ್ಡ್ ಲಾ ರಿವ್ಯೂ ಪತ್ರಿಕೆಯಲ್ಲಿ ಬೋಸ್ಟನ್ನಿನ ಇಬ್ಬರು ವಕೀಲರು, ಸ್ಯಾಮುವೆಲ್ ವಾರನ್ ಮತ್ತು ಲೂಯಿ ಬ್ರಾಂಡೈಸ್, ಖಾಸಗಿತನದ ಹಕ್ಕಿನ ಕುರಿತು ಒಂದು ಲೇಖನ ಬರೆದರು. ಮನುಷ್ಯನಿಗೆ ಬೇರೆಯವರ ಕಾಟವಿಲ್ಲದೆ ತನ್ನ ಪಾಡಿಗೆ ತಾನಿರುವ ಹಕ್ಕಿದೆ, ಕಾನೂನು ಅದನ್ನು ಕಾಯಬೇಕು ಎಂಬುದು ಅದರ ಸಾರ. ಅವರನ್ನು ಕೆರಳಿಸಿದ್ದು ಸುದ್ದಿಗಾಗಿ ಮನೆಯೊಳಗೆ ಇಣುಕುವ ಪತ್ರಿಕೆಗಳು ಮತ್ತು ಆಗಷ್ಟೇ ಬಂದಿದ್ದ ಕೈಕ್ಯಾಮರಾಗಳು. ಕೊಡಕ್ ಕ್ಯಾಮರಾ ಮಾರುಕಟ್ಟೆಗೆ ಬಂದದ್ದು 1888ರಲ್ಲಿ. ಅದಕ್ಕೆ ಮೊದಲು ಚಿತ್ರ ಬೇಕೆಂದರೆ ಸ್ಟುಡಿಯೋದಲ್ಲಿ ಅಲುಗಾಡದೆ ಕೂರಬೇಕಿತ್ತು. ಅಂದರೆ ಎದುರಿಗೆ ಕುಳಿತವರ ಸಮ್ಮತಿಯಿಲ್ಲದೆ ಚಿತ್ರ ತೆಗೆಯುವುದು ಬಹಳ ಕಷ್ಟವಾಗಿತ್ತು. ಕೈಕ್ಯಾಮರಾ ಬಂದ ಮೇಲೆ ಆ ಸಮ್ಮತಿ ಬೇಕಿಲ್ಲದಾಯಿತು. (ವಾರನ್‌ರ ಮಗಳ ಮದುವೆಯ ಸುದ್ದಿಯನ್ನು ಪತ್ರಿಕೆಗಳು ರಂಜಿಸಿ ಬರೆದದ್ದೇ ಈ ಲೇಖನಕ್ಕೆ ಕಾರಣ ಎಂಬ ಕತೆ ಕಾನೂನಿನ ಪುಸ್ತಕಗಳಲ್ಲಿ ಬಹುಕಾಲ ಓಡಾಡಿತು. ವಾರನ್ ಮದುವೆಯಾದದ್ದೇ 1883ರಲ್ಲಿ. ಏಳು ವರ್ಷದೊಳಗೆ ಮಗಳ ಮದುವೆ ಹೇಗಾದೀತು?)

ಕಲ್ಕತ್ತೆಯ ಕಾಯ್ದೆ ಮಗುವಿನ ಆಸ್ತಿಯನ್ನು ಪಾಲಕನಿಂದಲೇ ಕಾಪಾಡಲು ಹೊರಟಿತು. ಬೋಸ್ಟನ್ನಿನ ಲೇಖನ ಮನುಷ್ಯನ ಮುಖವನ್ನು ಹೊರಗಿನವರಿಂದ ಕಾಪಾಡಲು ಹೊರಟಿತು. ಮಗುವಿನ ಮುಖವನ್ನು ಪಾಲಕನಿಂದಲೇ ಕಾಪಾಡಬೇಕಾದೀತು ಎಂಬ ಯೋಚನೆ ಎರಡೂ ಕಡೆ ಇರಲಿಲ್ಲ. ಮಗು ಕಣ್ಣು ಬಿಡುವ ಮೊದಲೇ ಅದರ ಚಿತ್ರ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಬರುವ ಈ ಕಾಲದಲ್ಲಿ, ಆ ಯೋಚನೆ ಯಾಕೆ ಇಷ್ಟು ತಡವಾಗಿ ಬಂತು ಎಂದು ನೋಡುವುದು ಉಪಯುಕ್ತ.

ಇದರ ಮೊದಲ ದೊಡ್ಡ ಮೊಕದ್ದಮೆ ನ್ಯೂಯಾರ್ಕ್ ರಾಜ್ಯದ್ದು. ಅಬಿಗೇಲ್ ರಾಬರ್ಸನ್ ಎಂಬ ಹುಡುಗಿಗೆ ಇನ್ನೂ ಪ್ರಾಯ ತುಂಬಿರಲಿಲ್ಲ. ಅವಳ ಚಿತ್ರವನ್ನು ಒಂದು ಹಿಟ್ಟಿನ ಕಂಪೆನಿ ಅವಳಿಗೆ ತಿಳಿಸದೆ ಜಾಹೀರಾತಿಗೆ ಬಳಸಿಕೊಂಡಿತು. ಸುಮಾರು 25,000 ಪ್ರತಿಗಳು ಅಚ್ಚಾಗಿ ಅಂಗಡಿ, ಗೋದಾಮು, ಮದ್ಯದಂಗಡಿಗಳ ಗೋಡೆ ಸೇರಿದವು. ನೆರೆಹೊರೆಯವರು ಗುರುತಿಸಿ ಮಾತಾಡತೊಡಗಿದರು; ಅವಮಾನದಿಂದ ಹುಡುಗಿ ಹಾಸಿಗೆ ಹಿಡಿದಳು. ಚಿತ್ರ ಅಸಹ್ಯವಾಗಿರಲಿಲ್ಲ. ಚೆನ್ನಾಗಿಯೇ ಬಂದಿದೆಯಲ್ಲ, ಇದರಲ್ಲಿ ನೋವೇನು ಎಂದು ಕೇಳಿದವರೂ ಇದ್ದರು. ಇಂದು ಮಕ್ಕಳು ಆಕ್ಷೇಪಿಸಿದಾಗ ದೊಡ್ಡವರು ಹೇಳುವ ಮಾತೂ ಇದೇ ಎಂಬುದನ್ನು ಗಮನಿಸಬೇಕು. 1902ರಲ್ಲಿ ರಾಜ್ಯದ ಉಚ್ಚತಮ ನ್ಯಾಯಾಲಯ ನಾಲ್ಕಕ್ಕೆ ಮೂರು ಮತಗಳಿಂದ ಅವಳ ವಿರುದ್ಧ ತೀರ್ಪು ನೀಡಿತು. ಅಂಥ ಹಕ್ಕು ಕಾನೂನಿನಲ್ಲಿ ಇಲ್ಲ, ಬೇಕಿದ್ದರೆ ಶಾಸನಸಭೆ ಮಾಡಲಿ ಎಂದಿತು.

ಜನ ರೊಚ್ಚಿಗೆದ್ದರು. 1903ರಲ್ಲಿ ಶಾಸನಸಭೆ ಕಾನೂನು ಮಾಡಿತು. ಲಿಖಿತ ಸಮ್ಮತಿಯಿಲ್ಲದೆ ಯಾರ ಹೆಸರನ್ನೂ ಚಿತ್ರವನ್ನೂ ವ್ಯಾಪಾರಕ್ಕೆ ಬಳಸಬಾರದು, ವ್ಯಕ್ತಿ ಅಪ್ರಾಪ್ತನಾಗಿದ್ದರೆ ತಂದೆ ತಾಯಿ ಅಥವಾ ಪಾಲಕರ ಸಮ್ಮತಿ ಬೇಕು. ಆಗ ಇದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಮಗುವಿನ ಪರವಾಗಿ ಹೆತ್ತವರಲ್ಲದೆ ಮತ್ತಾರು ಮಾತಾಡಬೇಕು? ಕಳ್ಳ ಹೊರಗಿನವನು, ಕಾವಲುಗಾರ ಮನೆಯವನು. ಕಾನೂನು ಕಂಡ ಚಿತ್ರ ಅಷ್ಟೇ.

ಆದರೆ ಕಾವಲುಗಾರನೇ ಬಾಗಿಲು ತೆರೆದರೆ? 1934ರ ಮೇ 28ರಂದು ಕೆನಡಾದ ಒಂಟಾರಿಯೋ ಪ್ರಾಂತದ ಒಂದು ಬಡ ರೈತ ಮನೆಯಲ್ಲಿ ಒಂದೇ ಹೆರಿಗೆಯಲ್ಲಿ ಐದು ಹೆಣ್ಣುಮಕ್ಕಳು ಹುಟ್ಟಿದರು. ಡಿಯೋನ್ ಸಹೋದರಿಯರು ಎಂದು ಜಗತ್ತೇ ಅವರನ್ನು ಕರೆಯಿತು. ಐದೂ ಮಕ್ಕಳು ಬದುಕಿ ಉಳಿದದ್ದು ಆ ಕಾಲಕ್ಕೆ ಅದ್ಭುತವೇ. ಕೆಲವೇ ದಿನಗಳಲ್ಲಿ ತಂದೆ, ಮಕ್ಕಳನ್ನು ಷಿಕಾಗೋ ವಸ್ತುಪ್ರದರ್ಶನದಲ್ಲಿ ತೋರಿಸುವ ಕರಾರಿಗೆ ಸಹಿ ಹಾಕಿದ. ಬಡತನ ಅವನಿಂದ ಹಾಕಿಸಿತು ಎನ್ನಬಹುದು. ಆಮೇಲೆ ಅವನು ಅದರಿಂದ ಹಿಂದೆ ಸರಿದ. ಶೋಷಣೆಯಿಂದ ರಕ್ಷಿಸುತ್ತೇವೆ ಎಂದು ಸರಕಾರ ಮಕ್ಕಳನ್ನು ವಶಕ್ಕೆ ತೆಗೆದುಕೊಂಡು, 1935ರಲ್ಲಿ ಅದಕ್ಕಾಗಿಯೇ ಒಂದು ಕಾನೂನು ಮಾಡಿತು. ರಕ್ಷಣೆ ಹೇಗಿತ್ತು? ಹೆತ್ತವರ ಮನೆಯ ಎದುರಿಗೇ ಒಂದು ಪಾಲನಾಗೃಹ ಕಟ್ಟಿ, ಮಕ್ಕಳು ಆಡುವುದನ್ನು ಮರೆಯಲ್ಲಿ ನಿಂತು ನೋಡಲು ಸಾಲುಮೊಗಸಾಲೆ ಮಾಡಿದರು. 1936ರಿಂದ 1943ರವರೆಗೆ ಸುಮಾರು 30 ಲಕ್ಷ ಜನ ಬಂದು ನೋಡಿದರು. ಓಟ್ಸ್, ಸಾಬೂನು, ಹಲ್ಲಿನ ಪೇಸ್ಟ್, ಜೋಳದ ಪಾಕ ಎಲ್ಲದರ ಜಾಹೀರಾತಿನಲ್ಲೂ ಆ ಐದು ಮುಖಗಳಿದ್ದವು. ಒಂಟಾರಿಯೋಕ್ಕೆ ಪ್ರವಾಸೋದ್ಯಮದ ಹಣ ಹರಿಯಿತು.

ಮಕ್ಕಳ ಹೆಸರಿನಲ್ಲಿ ಇಟ್ಟಿದ್ದ ನಿಧಿಯಲ್ಲಿ ಬಹುಪಾಲು, ಅವರು ದೊಡ್ಡವರಾಗುವ ಹೊತ್ತಿಗೆ ಕರಗಿತ್ತು. ಬದುಕಿದ್ದ ಮೂವರು ಸಹೋದರಿಯರು ವೃದ್ಧಾಪ್ಯದಲ್ಲಿ ಹೋರಾಡಿ, 1998ರಲ್ಲಿ ಒಂಟಾರಿಯೋ ಸರಕಾರದಿಂದ 40 ಲಕ್ಷ ಕೆನಡಾ ಡಾಲರ್ ಪರಿಹಾರ ಪಡೆದರು. ಅದಕ್ಕೂ ಹಿಂದಿನ ವರ್ಷ ಅವರು ಮಾಡಿದ ಇನ್ನೊಂದು ಕೆಲಸ ನಮಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. 1997ರಲ್ಲಿ ಅಮೆರಿಕದ ಒಂದು ದಂಪತಿಗೆ ಏಳು ಮಕ್ಕಳು ಒಟ್ಟಿಗೆ ಹುಟ್ಟಿ ಟಿವಿ, ಕಂಪೆನಿಗಳೆಲ್ಲ ಮನೆಗೆ ಮುತ್ತಿದಾಗ, ಈ ಮೂವರು ಟೈಮ್ ಪತ್ರಿಕೆಯ ಮೂಲಕ ಆ ಹೆತ್ತವರಿಗೆ ಒಂದು ಬಹಿರಂಗ ಪತ್ರ ಬರೆದರು. ಮಕ್ಕಳ ಹುಟ್ಟನ್ನು ಮನರಂಜನೆಯಾಗಿಸಬೇಡಿ, ಸರಕು ಮಾರುವ ಸಾಧನವಾಗಿಸಬೇಡಿ, ನಮ್ಮ ಬದುಕು ಅದರಿಂದಲೇ ಹಾಳಾಯಿತು ಎಂಬ ಅರ್ಥದ ಪತ್ರ. ಅರವತ್ತಮೂರು ವರ್ಷ ಪ್ರಾಯದ ಹೆಂಗಸರು ತಮ್ಮ ಹಸುಗೂಸಿನ ದಿನಗಳ ಬಗ್ಗೆ ಆಡಿದ ದೂರು ಅದು.

ಕಾನೂನು ಈ ನೋವನ್ನು ಕಂಡಾಗಲೆಲ್ಲ ಹಣದ ಲೆಕ್ಕದಲ್ಲಿ ಕಂಡಿತು. ಚಾರ್ಲಿ ಚಾಪ್ಲಿನ್ ಜೊತೆ 1921ರ 'ದಿ ಕಿಡ್' ಸಿನಿಮಾದಲ್ಲಿ ನಟಿಸಿದ ಬಾಲಕ ಜಾಕಿ ಕೂಗನ್ ಲಕ್ಷಾಂತರ ಡಾಲರ್ ದುಡಿದಿದ್ದ. ಪ್ರಾಯಕ್ಕೆ ಬಂದು ನೋಡಿದರೆ ತಾಯಿ ಮತ್ತು ಮಲತಂದೆ ಹೆಚ್ಚಿನದನ್ನು ಖರ್ಚು ಮಾಡಿದ್ದರು. ಅವನು 1938ರಲ್ಲಿ ದಾವೆ ಹೂಡಿದ ಫಲವಾಗಿ 1939ರಲ್ಲಿ ಕ್ಯಾಲಿಫೋರ್ನಿಯಾ, ಬಾಲನಟರ ದುಡಿಮೆಯ ಒಂದು ಪಾಲನ್ನು ಕಾದಿರಿಸುವ ಕಾನೂನು ತಂದಿತು. ಒಳ್ಳೆಯದೇ. ಆದರೆ ದುಡ್ಡು ಮಗುವಿನದ್ದು ಎಂದು ಒಪ್ಪಿದ ಕಾನೂನು, ಆ ದುಡ್ಡನ್ನು ತಂದ ಮುಖವೂ ಮಗುವಿನದ್ದು ಎಂದು ಹೇಳಲಿಲ್ಲ.

ಅದು ಬಯಲಾದದ್ದು 1983ರಲ್ಲಿ, ಮತ್ತೆ ನ್ಯೂಯಾರ್ಕಿನಲ್ಲಿ. ನಟಿ ಬ್ರೂಕ್ ಶೀಲ್ಡ್ಸ್‌ಗೆ ಹತ್ತು ವರ್ಷವಿದ್ದಾಗ, 1975ರಲ್ಲಿ, ಒಬ್ಬ ಛಾಯಾಗ್ರಾಹಕ ಯಾವ ಮಗುವಿನದ್ದೂ ತೆಗೆಯಬಾರದಂಥ ಚಿತ್ರಗಳನ್ನು ತೆಗೆದಿದ್ದ. 450 ಡಾಲರಿಗೆ ತಾಯಿ ಸಮ್ಮತಿಪತ್ರಕ್ಕೆ ಸಹಿ ಹಾಕಿದ್ದಳು. ತಿಳುವಳಿಕೆ ಬಂದ ಮೇಲೆ ಮಗಳು ಆ ಸಮ್ಮತಿಯನ್ನು ರದ್ದುಗೊಳಿಸಿ ಎಂದು ಕೋರ್ಟಿಗೆ ಹೋದಳು. ಸಾಮಾನ್ಯ ಕರಾರಾದರೆ ಅಪ್ರಾಪ್ತರು ಅದನ್ನು ತಿರಸ್ಕರಿಸಬಹುದು. ಇದು ಹಳೆಯ ನಿಯಮ. ಆದರೆ ನ್ಯಾಯಾಲಯ 1903ರ ಕಾನೂನನ್ನು ತೆರೆದು ನೋಡಿತು. ಮಗುವಿನ ಪರವಾಗಿ ಹೆತ್ತವರು ಸಮ್ಮತಿ ನೀಡಬಹುದೆಂದು ಶಾಸನವೇ ಹೇಳಿರುವಾಗ ಮಗು ಅದನ್ನು ಹಿಂದೆ ಪಡೆಯುವಂತಿಲ್ಲ ಎಂದಿತು. ಈ ಬಾರಿಯೂ ನಾಲ್ಕಕ್ಕೆ ಮೂರು. ಅಬಿಗೇಲ್ ಎಂಬ ಒಬ್ಬ ಹುಡುಗಿಯ ಕಣ್ಣೀರಿನಿಂದ ಹುಟ್ಟಿದ ಕಾನೂನೇ ಎಂಬತ್ತು ವರ್ಷಗಳ ನಂತರ ಇನ್ನೊಬ್ಬ ಹುಡುಗಿಯ ಬಾಯಿ ಕಟ್ಟಿತು. ಇವೆಲ್ಲ ಸಿನಿಮಾದವರ, ಜಾಹೀರಾತಿನವರ ಕತೆ, ನಮಗೇಕೆ ಎನ್ನುವವರು ಈ ಒಂದು ತೀರ್ಪನ್ನಾದರೂ ನೆನಪಿಡಬೇಕು. ಹೆತ್ತವರ ಸಹಿಯೇ ಮಗುವಿನ ಸಹಿ ಎಂಬ ತತ್ವ ಇಂದಿಗೂ ನಮ್ಮ ಕಾನೂನುಗಳ ಒಳಗಿದೆ. ಅದಕ್ಕೆ ಮುಂದೆ ಬರುತ್ತೇವೆ.

ನಮ್ಮ ಕಡೆಯ ಕತೆ ಬೇರೆ ರೀತಿಯದ್ದು. ಕರಾವಳಿಯ ಮುಸ್ಲಿಮ್ ಮನೆಗಳಲ್ಲಿ ಬಹುಕಾಲ ಫೋಟೊ ಎಂದರೆ ಸಂಕೋಚ. ಅದು ಧರ್ಮಸಮ್ಮತವೇ ಅಲ್ಲವೇ ಎಂಬ ಚರ್ಚೆಯಲ್ಲೇ ಉಲಮಾಗಳ ಒಂದು ಶತಮಾನ ಕಳೆಯಿತು. ಹಜ್ಜಿನ ಪಾಸ್‌ಪೋರ್ಟ್ ಆ ಚರ್ಚೆಯನ್ನು ಅರ್ಧ ಮುಗಿಸಿತು, ಮೊಬೈಲ್ ಪೂರ್ತಿ ಮುಗಿಸಿತು. 1970ರ ದಶಕದಿಂದ ಗಂಡಸರು ಕೊಲ್ಲಿ ದೇಶಗಳಿಗೆ ಹೊರಟಾಗ ಮನೆಯ ಮಗುವಿನ ಫೋಟೊ ಒಂದು ಅಗತ್ಯವಾಯಿತು. ತಾನು ಹೋದ ಮೇಲೆ ಹುಟ್ಟಿದ ಮಗುವಿನ ಮುಖವನ್ನು ಬಾಪ ನೋಡುತ್ತಿದ್ದದ್ದು ದಮ್ಮಾಮಿಗೋ ದುಬೈಗೋ ಹೊರಟ ಊರವನೊಬ್ಬನ ಕೈಯಲ್ಲಿ ಕಳಿಸಿದ ಲಕೋಟೆಯೊಳಗೆ. ಒಂದೇ ಪ್ರತಿ. ಅದು ಪರ್ಸಿನಲ್ಲಿ ಮಡಿಕೆ ಬಿದ್ದು ಸವೆಯುತ್ತಿತ್ತು. ಆ ಚಿತ್ರವನ್ನು ನೋಡಿದವರನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ಇಂದಿಗೂ ವಿದೇಶದಲ್ಲಿರುವ ತಂದೆಗೆ ಮಗುವಿನ ಮುಖ ಕಾಣಬೇಕೆನ್ನುವ ಆಸೆಯಲ್ಲಿ ಯಾವ ತಪ್ಪೂ ಇಲ್ಲ. ಬದಲಾದದ್ದು ಲಕೋಟೆ.

ಫೋಟೊ ಹಲಾಲೋ ಹರಾಮೋ ಎಂಬ ಆ ದೀರ್ಘ ಚರ್ಚೆಯಲ್ಲಿ, ಫೋಟೊ ಯಾರದ್ದು ಎಂಬ ಪ್ರಶ್ನೆಗೆ ಹೆಚ್ಚು ಜಾಗ ಸಿಗಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಸಿಗಬಹುದಿತ್ತು, ಏಕೆಂದರೆ ಅದಕ್ಕೆ ಬೇಕಾದ ಸಾಮಗ್ರಿ ನಮ್ಮ ಪರಂಪರೆಯಲ್ಲೇ ಇದೆ. ಪವಿತ್ರ ಕುರ್‌ಆನಿನ 'ಅನ್ನಿಸಾ' ಅಧ್ಯಾಯ ಅನಾಥರ ಸೊತ್ತನ್ನು ಅವರು ಪ್ರಬುದ್ಧರಾದಾಗ ಸಾಕ್ಷಿಗಳ ಮುಂದೆ ಒಪ್ಪಿಸಬೇಕೆಂದು ಪಾಲಕರಿಗೆ ಆದೇಶಿಸುತ್ತದೆ. ಇದರ ಮೇಲೆ ಕಟ್ಟಿದ ಫಿಕ್ಹ್, ಹನಫಿಯಾಗಲಿ ಶಾಫಿಈಯಾಗಲಿ, ಮಗುವಿನ ಸೊತ್ತನ್ನು ದಾನ ಮಾಡುವ ಅಧಿಕಾರವನ್ನು ಸ್ವತಃ ತಂದೆಗೂ ಕೊಡುವುದಿಲ್ಲ. ಪಾಲಕ ಮಗುವಿನ ಲಾಭಕ್ಕಾಗಿ ವ್ಯವಹರಿಸಬಹುದು, ಕೈಯೆತ್ತಿ ಕೊಟ್ಟುಬಿಡುವಂತಿಲ್ಲ. ಇದೇ ಧೋರಣೆಯಿಂದ 1918ರಲ್ಲಿ ಪ್ರಿವಿ ಕೌನ್ಸಿಲ್, ಮುಸ್ಲಿಮ್ ತಾಯಿಯೊಬ್ಬಳು ಪಾಲಕಿಯ ಅಧಿಕಾರವಿಲ್ಲದೆ ಮಕ್ಕಳ ಸ್ಥಿರಾಸ್ತಿಯನ್ನು ಮಾರಿದರೆ ಅದು ಮಕ್ಕಳನ್ನು ಬಂಧಿಸುವುದಿಲ್ಲ ಎಂದು ತೀರ್ಪಿತ್ತಿತು. ಅಮಾನತ್ತು ಎಂಬ ಪದದ ಅರ್ಥ ಜಮೀನಿನ ವಿಷಯದಲ್ಲಿ ನಮಗೆ ಇಷ್ಟು ಸ್ಪಷ್ಟವಾಗಿದೆ.

'ಅನ್ನೂರ್' ಅಧ್ಯಾಯ ಮನೆಯೊಳಗೇ ಮೂರು ಹೊತ್ತು ಅನುಮತಿ ಕೇಳಿ ಕೋಣೆ ಪ್ರವೇಶಿಸಲು ಮಕ್ಕಳಿಗೆ ಕಲಿಸುತ್ತದೆ. ಪ್ರಾಮಾಣಿಕವಾಗಿ ಹೇಳುವುದಾದರೆ ಅದು ದೊಡ್ಡವರ ಖಾಸಗಿತನವನ್ನು ಕಾಯುವ ಸೂಕ್ತ. ಅದನ್ನು ಮಕ್ಕಳ ಹಕ್ಕಿನ ಘೋಷಣೆ ಎಂದು ಎಳೆಯುವುದು ಸರಿಯಲ್ಲ. ಆದರೆ ಮಗುವಿನ ಅನುಮತಿ ಕೇಳಿದ ಉದಾಹರಣೆಯೂ ನಮ್ಮಲ್ಲಿದೆ. ಸಹೀಹ್ ಬುಖಾರಿಯಲ್ಲಿ ಸಹ್ಲ್ ಬಿನ್ ಸಅದ್(ರ) ವರದಿ ಮಾಡಿದ ಪ್ರಸಂಗ ಹಲವರಿಗೆ ಗೊತ್ತು. ಪ್ರವಾದಿವರ್ಯರ(ಸ) ಬಲಕ್ಕೆ ಒಬ್ಬ ಹುಡುಗ, ಎಡಕ್ಕೆ ಹಿರಿಯರು ಕುಳಿತಿದ್ದರು. ಪಾನೀಯ ಬಂತು. ತಾವು ಕುಡಿದ ಬಳಿಕ ಹಿರಿಯರಿಗೆ ಮೊದಲು ಕೊಡಲು ಅವರು ಹುಡುಗನ ಅನುಮತಿ ಕೇಳಿದರು. ಹುಡುಗ ಬಿಟ್ಟುಕೊಡಲು ಒಪ್ಪಲಿಲ್ಲ. ಪಾತ್ರೆ ಅವನ ಕೈಗೇ ಹೋಯಿತು. ನಾವು ಈ ಹದೀಸನ್ನು ಬಲಗಡೆಯ ಮಹತ್ವಕ್ಕಾಗಿ ಓದುತ್ತೇವೆ, ಒಬ್ಬ ಹುಡುಗನ 'ಬೇಡ' ಎಂಬ ಮಾತು ಹಿರಿಯರ ಎದುರಿನಲ್ಲಿ ನಿಂತಿತು ಎಂಬುದು ನಮ್ಮ ಗಮನಕ್ಕೆ ಬರುವುದಿಲ್ಲ.

ಇನ್ನೊಂದು ಪ್ರಸಂಗ ಸಹೀಹ್ ಮುಸ್ಲಿಮ್‌ನದ್ದು. ಬಾಲಕ ಅನಸ್(ರ) ಆಟವಾಡುತ್ತಿದ್ದಾಗ ಪ್ರವಾದಿವರ್ಯರು(ಸ) ಅವರನ್ನು ಒಂದು ಕೆಲಸಕ್ಕೆ ಕಳಿಸಿದರು. ಮನೆಗೆ ತಡವಾಯಿತು. ತಾಯಿ ಕಾರಣ ಕೇಳಿದರು. ಅದು ಗುಟ್ಟು ಎಂದರು ಬಾಲಕ. ತಾಯಿ ಕೆದಕಲಿಲ್ಲ, ಆ ಗುಟ್ಟನ್ನು ಯಾರಿಗೂ ಹೇಳಬೇಡ ಎಂದು ತಾವೇ ತಾಕೀತು ಮಾಡಿದರು. ಮಗ ಎಲ್ಲಿಗೆ ಹೋಗಿದ್ದ ಎಂದು ತಿಳಿಯುವ ಹಕ್ಕು ತಾಯಿಗಿಲ್ಲವೇ? ಖಂಡಿತ ಇದೆ. ಆದರೂ ಅವರು ಅಲ್ಲಿಗೆ ನಿಲ್ಲಿಸಿದರು.

ಇನ್ನು ನಮ್ಮ ಕಾಲಕ್ಕೆ ಬರೋಣ. ಇಂದು ಹೆತ್ತವರು ಹಾಕುವ ಚಿತ್ರ ಎಲ್ಲೆಲ್ಲಿ ಹೋಗುತ್ತದೆಂದು ಹೆತ್ತವರಿಗೇ ತಿಳಿಯದು. 2024ರ ಜೂನ್‌ನಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ, ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೆ ತರಬೇತಿ ನೀಡಲು ಬಳಸಿದ 'ಲಯಾನ್-5ಬಿ' ಎಂಬ ಚಿತ್ರಭಂಡಾರವನ್ನು ಪರಿಶೀಲಿಸಿತು. ಅದರಲ್ಲಿ ಸುಮಾರು 585 ಕೋಟಿ ಚಿತ್ರಗಳ ಕೊಂಡಿಗಳಿವೆ. ಅತ್ಯಲ್ಪ ಭಾಗವನ್ನು ನೋಡಿದ್ದಕ್ಕೇ ಬ್ರೆಝಿಲ್‌ನ 170 ಮಕ್ಕಳ ಚಿತ್ರಗಳು ಸಿಕ್ಕವು. ಮುಂದಿನ ತಿಂಗಳು ಆಸ್ಟ್ರೇಲಿಯಾದ 190. ಕೆಲವುದರ ಜೊತೆ ಮಗುವಿನ ಹೆಸರೂ ಹುಟ್ಟಿದ ಸ್ಥಳವೂ ಇತ್ತು. ಇವುಗಳಲ್ಲಿ ಅನೇಕ, ಮನೆಯವರು ಬಂಧುಗಳಿಗೆಂದು ಹಾಕಿದ್ದ ಹುಟ್ಟುಹಬ್ಬದ, ಹೆರಿಗೆಯ ಚಿತ್ರಗಳು.

ನಮಗೆ ಇದು ದೂರದ ಭಯವಲ್ಲ. 2021ರ ಜುಲೈನಲ್ಲಿ 'ಸುಲ್ಲಿ ಡೀಲ್ಸ್', 2022ರ ಜನವರಿ 1ರಂದು 'ಬುಲ್ಲಿ ಬಾಯಿ' ಎಂಬ ಆ್ಯಪ್‌ಗಳಲ್ಲಿ ಮುಸ್ಲಿಮ್ ಮಹಿಳೆಯರನ್ನು 'ಹರಾಜಿಗೆ' ಇಟ್ಟವರು ಬಳಸಿದ್ದು, ಆ ಮಹಿಳೆಯರು ತಮ್ಮದೇ ಪುಟಗಳಲ್ಲಿ ಹಾಕಿದ್ದ ಚಿತ್ರಗಳನ್ನು. ತಪ್ಪು ಕದ್ದವರದ್ದು, ಹಾಕಿದವರದ್ದಲ್ಲ. ಇದನ್ನು ಯಾರೂ ತಿರುಚಬಾರದು. ಅವರು ವಯಸ್ಕರು, ತಮ್ಮ ಚಿತ್ರದ ಬಗ್ಗೆ ತಾವೇ ನಿರ್ಧರಿಸಿದವರು. ಮಗುವಿಗೆ ಆ ನಿರ್ಧಾರದ ಅವಕಾಶವೂ ಇರುವುದಿಲ್ಲ. 2022ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆಗಳ ಗೇಟಿನಲ್ಲಿ ಹಿಜಾಬ್ ತೆಗೆಯುವ ಹುಡುಗಿಯರ ಹಿಂದೆ ಟಿವಿ ಕ್ಯಾಮರಾಗಳು ಓಡಿದಾಗ ನಾವೆಲ್ಲ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಈ ಮಕ್ಕಳ ಮುಖ ತೋರಿಸಲು ನಿಮಗೆ ಯಾರು ಅನುಮತಿ ಕೊಟ್ಟರು? ಅದೇ ಪ್ರಶ್ನೆಯನ್ನು ಮನೆಯೊಳಗಿನ ಫೋನಿಗೂ ಕೇಳಬಹುದು. ಮದ್ರಸದ ಕಾರ್ಯಕ್ರಮದಲ್ಲಿ ತಡವರಿಸಿ ಅತ್ತ ಮಗು, ಸುನ್ನತಿನ ದಿನ ಹೆದರಿದ ಹುಡುಗ, ಎಸೆಸೆಲ್ಸಿ ಅಂಕಪಟ್ಟಿ ಹಿಡಿದು ನಿಂತ ಹುಡುಗಿ, ಆಸ್ಪತ್ರೆಯ ಹಾಸಿಗೆಯಲ್ಲಿ ನಳಿಗೆ ಚುಚ್ಚಿಸಿಕೊಂಡು ಮಲಗಿರುವ ಮಗು, ಅದರ ಕೆಳಗೆ ದುಆ ಮಾಡಿ ಎಂಬ ವಿನಂತಿ. ದುಆಕ್ಕೆ ಹೆಸರೂ ಬೇಕಿಲ್ಲ, ಚಿತ್ರವಂತೂ ಬೇಡವೇ ಬೇಡ. ಬಡ ಮಕ್ಕಳಿಗೆ ಪುಸ್ತಕ, ಕಿಟ್ ಕೊಡುವಾಗ ಸಾಲಾಗಿ ನಿಲ್ಲಿಸಿ ತೆಗೆಯುವ ಫೋಟೊಗಳ ಬಗ್ಗೆ ಬೇರೆಯೇ ಒಂದು ಲೇಖನ ಬರೆಯಬೇಕು.

ಕಾನೂನು ಈಗ ಎಲ್ಲಿ ನಿಂತಿದೆ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಸಾರಿದ ತೀರ್ಪಿಗೆ ಕಾರಣರಾದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು, 2024ರಲ್ಲಿ ತೀರಿಕೊಂಡರು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಬರೆದು, ಬಾಲ್ಯದ ಮುಗ್ಧತನದಲ್ಲಿ ಅಂತರ್ಜಾಲದಲ್ಲಿ ಬಿಟ್ಟ ಹೆಜ್ಜೆಗುರುತುಗಳು ಬದುಕಿಡೀ ಬೆನ್ನಟ್ಟಬಾರದು ಎಂಬ ಆಶಯ ವ್ಯಕ್ತಪಡಿಸಿದರು. ಆದರೆ ಆ ಹೆಜ್ಜೆಯನ್ನು ಮಗುವಿನ ಬದಲು ಹೆತ್ತವರೇ ಇಟ್ಟಿದ್ದರೆ? ಪೋಕ್ಸೊ ಕಾಯ್ದೆಯ 23ನೇ ಕಲಮು, ಬಾಲನ್ಯಾಯ ಕಾಯ್ದೆಯ 74ನೇ ಕಲಮು ಸಂಕಟದಲ್ಲಿರುವ ಮಗುವಿನ ಗುರುತನ್ನು ಮುಚ್ಚಿಡುತ್ತವೆ. ಸಾಮಾನ್ಯ ದಿನಗಳ ಮಗುವಿಗೆ ಅವು ಅನ್ವಯಿಸುವುದಿಲ್ಲ.

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದು ಹಂತಹಂತವಾಗಿ ಜಾರಿಗೆ ಬರುವಂತೆ ವಿಧಿಸಲಾಗಿದೆ. 18 ವರ್ಷದೊಳಗಿನವರ ಮಾಹಿತಿ ಬಳಸಲು ಕಂಪೆನಿಗಳು ಹೆತ್ತವರ ಸಮ್ಮತಿ ಪಡೆಯಬೇಕು ಎನ್ನುತ್ತದೆ ಅದು. ಕೇಳಲು ಚೆನ್ನಾಗಿದೆ, 1903ರ ಕಾನೂನು ಕೇಳಲು ಚೆನ್ನಾಗಿದ್ದಂತೆಯೇ. ಮಾಹಿತಿಯ ಒಡೆಯರು ಯಾರು ಎಂದು ವಿವರಿಸುವಾಗ ಅದು, ವ್ಯಕ್ತಿ ಮಗುವಾಗಿದ್ದರೆ ಹೆತ್ತವರನ್ನೂ ಒಡೆಯರೊಳಗೆ ಸೇರಿಸುತ್ತದೆ. ಖಾಸಗಿ ಅಥವಾ ಮನೆಯ ಉದ್ದೇಶಕ್ಕೆ ವ್ಯಕ್ತಿಗಳು ಬಳಸುವ ಮಾಹಿತಿಗೆ ಕಾಯ್ದೆ ಅನ್ವಯವೇ ಆಗುವುದಿಲ್ಲ. ಐನೂರು ಜನರಿರುವ ಊರಿನ ಗುಂಪಿಗೆ ಹಾಕಿದ ಚಿತ್ರ 'ಮನೆಯ ಉದ್ದೇಶ'ದ್ದೇ? ನೆದರ್ಲೆಂಡ್ಸ್‌ನಲ್ಲಿ ಈ ಪ್ರಶ್ನೆ 2020ರಲ್ಲಿ ಕೋರ್ಟಿಗೆ ಬಂತು. ಮೊಮ್ಮಕ್ಕಳ ಚಿತ್ರಗಳನ್ನು ಫೇಸ್‌ಬುಕ್ಕಿನಲ್ಲಿ ಹಾಕಿದ್ದ ಅಜ್ಜಿಯೊಬ್ಬರ ಮೇಲೆ ಸ್ವಂತ ಮಗಳೇ ದಾವೆ ಹೂಡಿದ್ದಳು. ಎಲ್ಲರಿಗೂ ತಲಪಬಹುದಾದ ಚಿತ್ರ ಮನೆಯೊಳಗಿನದ್ದು ಎನಿಸುವುದಿಲ್ಲ ಎಂದ ಕೋರ್ಟು, ತೆಗೆಯದಿದ್ದರೆ ದಿನಕ್ಕೆ 50 ಯೂರೋ ದಂಡ ಎಂದಿತು. ಅಜ್ಜಿಯನ್ನು ಕೋರ್ಟಿಗೆಳೆದದ್ದು ನಮ್ಮವರಿಗೆ ರುಚಿಸಲಿಕ್ಕಿಲ್ಲ. ನಮಗೂ ರುಚಿಸಲಿಲ್ಲ. ಆದರೆ ಪ್ರಶ್ನೆಗೆ ಉತ್ತರವಂತೂ ಸಿಕ್ಕಿತು.

ಮೂಲಕ್ಕೇ ಕೈಹಾಕಿದ್ದು ಫ್ರಾನ್ಸ್. 2024ರ ಫೆಬ್ರವರಿ 19ರ ಕಾನೂನಿನ ಮೂಲಕ ಅದು, ಮಗುವಿನ ಖಾಸಗಿ ಬದುಕನ್ನು ಕಾಯುವುದು ಹೆತ್ತವರ ಕರ್ತವ್ಯ ಎಂದು ತನ್ನ ನಾಗರಿಕ ಸಂಹಿತೆಯಲ್ಲಿ ಬರೆಯಿತು. ಮಗುವಿನ ಚಿತ್ರದ ಹಕ್ಕನ್ನು ತಂದೆ ತಾಯಿ ಇಬ್ಬರೂ ಸೇರಿ ಕಾಯಬೇಕು. ಮಗುವಿನ ವಯಸ್ಸು, ಪ್ರಬುದ್ಧತೆಗೆ ತಕ್ಕಂತೆ ಅದರ ಅಭಿಪ್ರಾಯವನ್ನೂ ಕೇಳಬೇಕು. ಒಬ್ಬರು ಒಪ್ಪದೆ ಇನ್ನೊಬ್ಬರು ಚಿತ್ರ ಹಾಕದಂತೆ ಕುಟುಂಬ ನ್ಯಾಯಾಧೀಶರು ತಡೆಯಬಹುದು. ಫ್ರಾನ್ಸಿನ ಎಲ್ಲ ಕಾನೂನುಗಳನ್ನೂ, ವಿಶೇಷವಾಗಿ ಶಾಲಾಬಾಲಕಿಯರ ಉಡುಪಿನ ಕುರಿತಾದುದನ್ನು, ನಾವು ಮೆಚ್ಚುವವರಲ್ಲ. ಮಗುವಿನ ಅಭಿಪ್ರಾಯ ಕೇಳಬೇಕು ಎಂಬ ಮಾತು ತಲೆಯ ಮೇಲಿನ ಬಟ್ಟೆಗೂ ಅನ್ವಯವಾಗಬೇಕಿತ್ತು. ಆದರೆ 1890ರಿಂದ ಖಾಲಿ ಬಿದ್ದಿದ್ದ ಜಾಗದಲ್ಲಿ ಒಂದು ದೇಶವಾದರೂ ಏನನ್ನೋ ಬರೆದಿದೆ.

ಫೇಸ್‌ಬುಕ್ ಎಲ್ಲರಿಗೂ ತೆರೆದುಕೊಂಡದ್ದು 2006ರ ಸೆಪ್ಟೆಂಬರ್‌ನಲ್ಲಿ. ಆ ತಿಂಗಳು ಹುಟ್ಟಿದ ಮಕ್ಕಳಿಗೆ 2024ರಲ್ಲಿ 18 ತುಂಬಿತು. ಪಾಲಕರು ಅಕ್ರಮವಾಗಿ ತಮ್ಮ ಜಮೀನು ಮಾರಿದ್ದರೆ ಅದನ್ನು ರದ್ದು ಮಾಡಿಸಲು ದಾವೆ ಹೂಡುವುದಕ್ಕೆ 1963ರ ಕಾಲಮಿತಿ ಕಾಯ್ದೆ ಅವರಿಗೆ ಮೂರು ವರ್ಷಗಳ ಅವಕಾಶ ಕೊಟ್ಟಿದೆ. ಆ ತಿಂಗಳು ಹುಟ್ಟಿದವರಿಗೆ ಅದು 2027ರ ಸೆಪ್ಟೆಂಬರ್‌ವರೆಗೆ ಇದೆ. ತಮ್ಮ ಚಿತ್ರಗಳ ಬಗ್ಗೆ ಅವರು ಯಾವ ಕಲಮಿನಡಿ, ಯಾರ ಮೇಲೆ, ಎಷ್ಟರೊಳಗೆ ದಾವೆ ಹೂಡಬೇಕೆಂದು ಕೇಳಿದರೆ ತೋರಿಸಲು ನಮ್ಮ ಕಾನೂನಿನ ಪುಸ್ತಕದಲ್ಲಿ ಅಂಥದ್ದೊಂದು ಪುಟವಿಲ್ಲ.